ಬೇಳೆ ಬೇಯುವ ಊರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ದಿನ ಶನಿವಾರ ಎಂದು ನನಗೆ ನೆನಪು. ನನಗೆ ಸ್ಕೂಲಿಗೆ ರಜೆ ಹಾಕಿಸಿ ಕರೆದುಕೊಂಡು ಹೋಗಿದ್ದರು ಎಂದೂ ನೆನಪು. ಆದರೆ ಶನಿವಾರ ನಮ್ಮ ಸ್ಕೂಲು ಇರುತ್ತಿದ್ದುದೇ ಬೆಳಗಿನ ಹೊತ್ತು, ಅದಕ್ಕೆ ರಜೆ ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಸುಮ್ಮನೆ ಹೋಗದೆ ಇದ್ದರೆ ಆಯಿತು. ದೊಡ್ಡಪ್ಪ ಬಿಳಿ ಪಂಚೆ ಉಟ್ಟಿದ್ದರು ಅನ್ನುತ್ತೇನೆ, ಅದು ಗೋಡೆಯ ಮೇಲಿನ ಅವರ ಫೋಟೋ ನೋಡಿ ನೋಡಿ ನಾನೇ ಉಡಿಸಿದ ಪಂಚೆಯೂ ಆಗಿರಬಹುದು. ಸೀಸೆಗಳು ಎರಡಿದ್ದವು. ಅದು ಖಾತ್ರಿ. ಒಂದರ ಕೊರಳಿಗೆ ಕೆಂಪು ದಾರ ಕಟ್ಟಿತ್ತು. ಅದೂ ಬಹುಪಾಲು ಖಾತ್ರಿ.

ಇಷ್ಟು ಹಿಂದೆ ಮುಂದೆ ನೋಡುವುದು ನನ್ನ ಕಸುಬಿನ ದೋಷ. ಹದಿನೈದು ವರ್ಷ ಪಿಯು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟಿದ್ದೇನೆ. ಒಂದು ಘಟನೆಗೆ ಒಬ್ಬಳೇ ಸಾಕ್ಷಿ ಇದ್ದು, ಅವಳಿಗೆ ಆಗ ಎಂಟು ವರ್ಷವಾಗಿದ್ದು, ಸಾಲದ್ದಕ್ಕೆ ತಪ್ಪು ಮಾಡಿದವಳೂ ಅವಳೇ ಆಗಿದ್ದರೆ ಅಂಥ ಆಕರವನ್ನು ನಂಬಬೇಡಿ ಎಂದು ಬೋರ್ಡಿನ ಮೇಲೆ ಬರೆದು ಹೇಳಿದವಳು ನಾನೇ. ಡೈರಿ ಬರೆಯುವ ಅಭ್ಯಾಸ ಬಂದದ್ದು ಮೈಸೂರಿಗೆ ಎಂ.ಎ. ಓದಲು ಹೋದ ಮೇಲೆ. ಅದಕ್ಕೂ ಹಿಂದಿನದೆಲ್ಲ ಬರೀ ಬಾಯಿಮಾತು, ಅದೂ ನನ್ನದೇ ಬಾಯಿ.

ಈ ಸೀಸೆಗಳು ನೆನಪಾದದ್ದು ಅಡಿಗೆಮನೆಯ ಅಟ್ಟ ಖಾಲಿ ಮಾಡುವಾಗ. ಮದ್ದೂರಿನ ಈ ಮನೆ ಬಿಟ್ಟು ನಾವು ಎರಡು ತಿಂಗಳಲ್ಲಿ ಹೊರಡಬೇಕು. ಹಿತ್ತಾಳೆ ಕೊಳದಪ್ಪಲೆಯ ಹಿಂದೆ ಒಂದು ಹಳೇ ಶರಬತ್ತಿನ ಸೀಸೆ ಸಿಕ್ಕಿತು. ಅದೇ ಸೀಸೆ ಎಂದು ನಾನು ಹೇಳಲಾರೆ, ಅದು ಇಲ್ಲಿಗೆ ಬರುವ ದಾರಿಯೇ ಇಲ್ಲ. ಆದರೂ ಕೊರಳ ಹತ್ತಿರ ದಾರ ಕಟ್ಟಿದ ಗುರುತೇನಾದರೂ ಇದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮಗಳು ಸಿಂಚನ, ಏಳನೇ ಕ್ಲಾಸು, ಹಿಂದಿನಿಂದ ಕೇಳಿದಳು: "ಅಮ್ಮ, ಖಾಲಿ ಸೀಸೇಲಿ ಏನ್ ಹುಡುಕ್ತಿದೀಯಾ?"

ನಾವು ಹೊರಟಿರುವುದು ಕೀನ್ಯಾಕ್ಕೆ. ನಮ್ಮವರು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ಅಲ್ಲಿ ಕಿಸುಮು ಎಂಬ ಊರಿದೆ, ದೊಡ್ಡ ಸರೋವರದ ದಡದ ಮೇಲೆ. ಅದರ ಆಚೆ ಕಬ್ಬಿನ ಗದ್ದೆಗಳ ನಡುವೆ ಇರುವ ಒಂದು ಕಾರ್ಖಾನೆಯವರು ಇವರನ್ನು ಕರೆದಿದ್ದಾರೆ. "ಕಬ್ಬು ಇರೋ ಕಡೆ ಮಂಡ್ಯದೋರಿಗೆ ಪರದೇಶ ಅನ್ಸಲ್ಲ" ಎಂದು ಇವರು ಊಟಕ್ಕೆ ಕೂತಾಗ ಹೇಳಿದರು. ಆಗಲೇ ನನಗೆ ಅನುಮಾನ ಶುರುವಾಯಿತು. ಮುಂಚೆ ತಯಾರಿ ಮಾಡಿಕೊಳ್ಳದೆ ಇಷ್ಟು ಚೆನ್ನಾಗಿರುವ ಮಾತು ಆಡುವವರಲ್ಲ ಇವರು.

ಹೋಗುವುದೋ ಬಿಡುವುದೋ ಎಂಬ ಜಗಳ ಮುಗಿದು ಆಯಿತು. ಅದರಲ್ಲಿ ನಾನು ಸೋತೆನೋ ಗೆದ್ದೆನೋ ಎಂಬುದಕ್ಕೆ ಡೈರಿಯಲ್ಲಿ ಎರಡು ಬೇರೆ ಬೇರೆ ದಾಖಲೆಗಳಿವೆ. ಉಳಿದದ್ದು ಒಂದೇ ಪ್ರಶ್ನೆ: ಅಲ್ಲಿ ಎಲ್ಲಿ ಇರುವುದು? ಕಾರ್ಖಾನೆಯವರು ಎರಡು ದಾರಿ ಕೊಟ್ಟರು. ಒಂದು, ಕಬ್ಬಿನ ನಡುವೆ ಕಾರ್ಖಾನೆಯ ಕಾಂಪೌಂಡಿನೊಳಗಿನ ಕ್ವಾರ್ಟರ್ಸ್. ಇವರು ಚಪ್ಪಲಿ ಹಾಕಿಕೊಂಡು ನಡೆದರೆ ಐದು ನಿಮಿಷಕ್ಕೆ ಲ್ಯಾಬು. ಮಗಳು ಮಾತ್ರ ಊರಿನ ಸ್ಕೂಲಿಗೆ ದಿನಾ ಒಂದು ಗಂಟೆ ಹೋಗಿ ಒಂದು ಗಂಟೆ ಬರಬೇಕು. ಇನ್ನೊಂದು, ಊರೊಳಗೆ ಮೂರನೇ ಮಹಡಿಯ ಒಂದು ಮನೆ. ಸ್ಕೂಲು ಹತ್ತಿರ, ಅಂಗಡಿ ಹತ್ತಿರ, ಇವರು ಮಾತ್ರ ದಿನಾ ಕಾರ್ಖಾನೆಯ ಬಸ್ಸು ಹತ್ತಬೇಕು. ಒಂದು ಸಲ ಹೇಳಿದರೆ ಕರಾರು ಮುಗಿಯುವವರೆಗೆ ಬದಲಾಯಿಸುವಂತಿಲ್ಲ. ಒಂದು ಫಾರಂ ಇತ್ತು, ಎರಡು ಚೌಕದಲ್ಲಿ ಒಂದಕ್ಕೆ ಗುರುತು ಹಾಕಿ ಮೂರನೇ ಸೋಮವಾರದೊಳಗೆ ಕಳಿಸಬೇಕಿತ್ತು.

ಎರಡೂ ಮನೆಗಳ ಫೋಟೋ ಬಂದವು. ಫೋಟೋ ನೋಡಿ ಮನೆ ಒಪ್ಪಿಕೊಳ್ಳುವ ಜನ ಇದ್ದಾರಂತೆ. ನನಗೆ ಆ ಪುಣ್ಯ ಇಲ್ಲ. ಕ್ವಾರ್ಟರ್ಸಿನ ಎಂಟು ಫೋಟೋಗಳಲ್ಲಿ ಒಂದರಲ್ಲೂ ಅಡಿಗೆಮನೆಯ ಕಿಟಕಿ ತೆರೆದಿರಲಿಲ್ಲ. ಕಿಟಕಿಯ ಆಚೆ ಏನಿದೆ? ಊರಿನ ಮನೆಯ ಫೋಟೋಗಳಲ್ಲಿ ಹಾಲ್ ಎಷ್ಟು ಉದ್ದವಾಗಿತ್ತೆಂದರೆ ಅದರಲ್ಲಿ ಕೂತವರು ಒಬ್ಬರಿಗೊಬ್ಬರು ಪತ್ರ ಬರೆಯಬೇಕು. ಮೊಬೈಲಿನ ನಕಾಶೆಯಲ್ಲಿ ಆ ಬೀದಿಯ ಉದ್ದಕ್ಕೂ ಬೆರಳಿನಲ್ಲಿ ನಡೆದೆ. ಮೂಲೆಯಲ್ಲಿ ನೀಲಿ ಗೇಟಿನ ಮುಂದೆ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳ ಮುಖ ಮಸುಕಾಗಿತ್ತು. ಬುಟ್ಟಿಯಲ್ಲಿ ಟೊಮ್ಯಾಟೊ. ಅಷ್ಟೂ ಚಿತ್ರಗಳಲ್ಲಿ ಸುಳ್ಳು ಹೇಳದೆ ಕೂತಿರುವವಳು ಅವಳೊಬ್ಬಳೇ ಅನ್ನಿಸಿತು.

ಊರಿನ ಮನೆಯ ವಕಾಲತ್ತು ವಹಿಸಿದವನು ಪುಟ್ಟರಾಜು. ಇವರ ಹಳೇ ಸಹೋದ್ಯೋಗಿ, ಮಳವಳ್ಳಿಯವನು, ಎರಡು ವರ್ಷದಿಂದ ಅಲ್ಲಿದ್ದಾನೆ. ಖಾಲಿ ಇರುವ ಮನೆ ಅವನ ಮನೆಯ ಎದುರಿನದು. ವಿಡಿಯೋ ಕಾಲಿನಲ್ಲಿ ಅವನು ಪ್ರತಿ ಕೋಣೆಗೂ "ಸೂಪರ್ ಮೇಡಂ" ಎನ್ನುತ್ತಿದ್ದ. ಬಚ್ಚಲಿಗೂ ಸೂಪರ್, ಮೆಟ್ಟಿಲಿಗೂ ಸೂಪರ್. ಇವನಿಗೇಕೆ ಇಷ್ಟು ಆಸೆ ಎಂದು ನಾನು ಯೋಚಿಸುತ್ತಿದ್ದಾಗಲೇ ನಮ್ಮ ಮನೆಗೆ ಜಯತ್ತೆ ಬಂದಳು.

ಜಯತ್ತೆ ನಮ್ಮಪ್ಪನ ತಂಗಿ. ಕೆರಗೋಡು ಹತ್ತಿರದ ನಮ್ಮ ಹಳ್ಳಿಯಿಂದ ಬಂಡೂರು ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಮಾವನೂ ಅವಳೂ ಕುರಿ ಸಾಕುತ್ತಾರೆ, ಸ್ವಲ್ಪ ರಾಗಿ, ಸ್ವಲ್ಪ ತೊಗರಿ. ಮದ್ದೂರಿಗೆ ಬಂದರೆ ಅವಳ ಸೀರೆಯಿಂದ ಕುರಿಯ ವಾಸನೆ ಬರುತ್ತದೆ, ಸಿಂಚನಳಿಗೆ ಅದು ಬಹಳ ಇಷ್ಟ. ಅವಳು ಬಂದು ನನ್ನ ಪಕ್ಕ ಕೂತು ಮೊಬೈಲಿಗೆ ಮುಖ ತೂರಿಸಿದಳು.

"ಯಾರ್ಲಾ ಅದು, ಮಳವಳ್ಳಿ ಹೈದನಾ?"

"ಹೂಂ ಕಣಮ್ಮ," ಎಂದ ಪುಟ್ಟರಾಜು ಕೀನ್ಯಾದಿಂದ.

"ಮನೆ ಮುಂದ್ಗಡೆ ಸಾಕು ನಿಲ್ಸು. ಇತ್ಲು ತೋರ್ಸು."

"ಮೂರನೇ ಮಹಡಿ ಕಣಮ್ಮ, ಹಿತ್ಲು ಇಲ್ಲ."

"ಇತ್ಲಿಲ್ಲದ ಮನೆ ಮನೆಯೇನ್ಲಾ? ಕಸ ಎಲ್ಲಿ ಹಾಕ್ತರೆ ತೋರ್ಸು ಮತ್ತೆ. ಆ ನಲ್ಲಿ ತಿರುಗ್ಸು. ನೀರು ಬತ್ತದಾ? ಕುಡಿಯೋ ನೀರೋ ತೊಳೆಯೋ ನೀರೋ?"

ಪುಟ್ಟರಾಜು ನಲ್ಲಿ ತಿರುಗಿಸಿದ. ನೀರು ಬಂತು. ಜಯತ್ತೆ ನನ್ನ ಕಡೆ ತಿರುಗಿ, ಅವನಿಗೂ ಕೇಳುವಷ್ಟು ಜೋರಾಗಿಯೇ ಅಂದಳು: "ನೀರೇನೋ ಬತ್ತದೆ ಸುಮಿ. ಬೇಳೆ ಬೇಯ್ತದಾ ಕೇಳು."

ನಾನು ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದೆ. ಪುಟ್ಟರಾಜು ಸಿಗ್ನಲ್ ಸರಿಯಿಲ್ಲ ಎಂದುಕೊಂಡ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ಕೊಡುವ ಮನೆ ನೋಡಲು ಹೋಗುವವರು ಗಂಡನ್ನು ಕೊನೆಗೆ ನೋಡುತ್ತಿದ್ದರು. ಮೊದಲು ತಿಪ್ಪೆ. ತಿಪ್ಪೆ ದೊಡ್ಡದಿದ್ದರೆ ದನ ಇದೆ, ದನ ಇದ್ದರೆ ಗದ್ದೆಯಲ್ಲಿ ಗೇಯುವವರಿದ್ದಾರೆ. ಆಮೇಲೆ ಊರ ಬಾಗಿಲ ಟೀ ಅಂಗಡಿಯಲ್ಲಿ ಕೂತು, ಯಾರ ಮನೆಗೆ ಬಂದದ್ದು ಎಂದು ಹೇಳದೆ, ಆ ಮನೆಯ ಸುದ್ದಿ ತೆಗೆಯುವುದು. ನಮ್ಮಜ್ಜಿ ಇದಕ್ಕೆಲ್ಲ ಒಂದು ಸೇರಿಸಿದ್ದಳು. ಆ ಊರಿನ ನೀರು ತಂದು ಮನೆಯಲ್ಲಿ ತೊಗರಿಬೇಳೆ ಬೇಯಿಸಿ ನೋಡುವುದು. ಗಡಸು ನೀರಿನಲ್ಲಿ ಎಷ್ಟು ಸೌದೆ ಉರಿಸಿದರೂ ಬೇಳೆ ಕರಗುವುದಿಲ್ಲ, ಕಾಳು ಕಾಳಾಗಿ ನಿಂತಿರುತ್ತದೆ. "ಬೇಳೆ ಬೇಯದೆ ಇರೋ ಊರ್ಗೆ ಎಣ್ಣು ಕೊಟ್ರೆ ಅವಳು ಜೀವಮಾನ ಒಲೆ ಮುಂದೇನೆ ಇರ್ತಳೆ" ಎಂಬುದು ಅವಳ ವಾದ. ನಾಲೆಯ ನೀರು ಕುಡಿದು ಬೆಳೆದ ನಮ್ಮ ಕಡೆಯವರಿಗೆ ಬೋರಿನ ನೀರಿನ ಊರುಗಳ ಮೇಲೆ ಮೊದಲೇ ಅನುಮಾನ.

ಜಯತ್ತೆಗೆ ಒಂದೇ ಸಲ ಎರಡು ಸಂಬಂಧ ಬಂದವು. ಒಂದು ಆತಗೂರು ಕಡೆಯದು, ಇನ್ನೊಂದು ಬಂಡೂರು ಕಡೆಯದು. ಅಜ್ಜಿ ದೊಡ್ಡಪ್ಪನ ಕೈಗೆ ಎರಡು ಸೀಸೆ ಕೊಟ್ಟು ಕಳಿಸಿದಳು. ಕೆಂಪು ದಾರದ್ದು ಆತಗೂರಿಗೆ, ದಾರ ಇಲ್ಲದ್ದು ಬಂಡೂರಿಗೆ. ಜೊತೆಗೆ ನನ್ನನ್ನೂ ಕಳಿಸಿದಳು. ಗಂಡಸೊಬ್ಬ ಬೇರೆ ಊರಿಗೆ ಹೋಗಿ ಸೀಸೆ ಹಿಡಿದು ನೀರು ಕೊಡಿ ಅಂದರೆ ಜನ ಯಾಕೆ ಏನು ಎಂದು ಕೇಳುತ್ತಾರೆ. ಮಗು ಬಾಯಾರಿಕೆ ಅಂದರೆ ಯಾರೂ ಕೇಳುವುದಿಲ್ಲ. ನನ್ನ ಪಾತ್ರ ಅಷ್ಟೇ. ಊರೊಳಗೆ ಹೋದ ಮೇಲೆ ದೊಡ್ಡಪ್ಪ ನನ್ನ ಭುಜ ಒತ್ತಿದಾಗ "ನೀರು" ಎಂದು ರಾಗ ತೆಗೆಯುವುದು.

ರಾಗ ಚೆನ್ನಾಗಿಯೇ ತೆಗೆದೆ ಎಂದು ಕಾಣುತ್ತದೆ. ಬಂಡೂರು ಕಡೆಯ ಹಳ್ಳಿಯಲ್ಲಿ ಒಬ್ಬ ಹೆಂಗಸು ನೀರಿನ ಜೊತೆ ಬೆಲ್ಲವನ್ನೂ ಕೊಟ್ಟಳು. ಅಲ್ಲಿಂದ ಬಸ್ಸು ಹತ್ತಿ ಮದ್ದೂರಿಗೆ ಬಂದು, ಆತಗೂರು ಕಡೆ ಹೋಗಿ, ಇನ್ನೊಂದು ಸೀಸೆ ತುಂಬಿಸಿಕೊಂಡು ಮತ್ತೆ ಮದ್ದೂರಿಗೆ ಬಂದೆವು. ಹೋಟೆಲಿನಲ್ಲಿ ದೊಡ್ಡಪ್ಪ ವಡೆ ಕೊಡಿಸಿದರು. ಮದ್ದೂರಿಗೆ ಬಂದು ವಡೆ ತಿನ್ನದೆ ಹೋದವರನ್ನು ನಮ್ಮ ಮನೆಯಲ್ಲಿ ಜಿಪುಣರ ಲೆಕ್ಕಕ್ಕೆ ಹಾಕುತ್ತಿದ್ದರು. ಎರಡು ತಿಂದೆ. ಹಸಿಮೆಣಸಿನಕಾಯಿ ಸಿಕ್ಕಿತು. ದೊಡ್ಡಪ್ಪ ಯಾರೋ ಪರಿಚಯದವರು ಕಂಡರೆಂದು ಎದ್ದು ಹೋಗಿದ್ದರು. ಬಾಯಿ ಉರಿಯುತ್ತಿತ್ತು. ಚೀಲದಲ್ಲಿ ಕೈಗೆ ಸಿಕ್ಕಿದ ಸೀಸೆ ತೆಗೆದು ಗಟಗಟ ಕುಡಿದೆ. ಮುಕ್ಕಾಲು ಸೀಸೆ ಖಾಲಿಯಾದ ಮೇಲೆ ನೋಡಿದರೆ ಕೊರಳಲ್ಲಿ ದಾರ ಇಲ್ಲ.

ಆಗ ನಾನು ಮಾಡಿದ್ದನ್ನು ಮೂವತ್ತನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಉಳಿದ ನೀರನ್ನು ಮೇಜಿನ ಕೆಳಗೆ ಚೆಲ್ಲಿ, ಹೋಟೆಲಿನ ಡ್ರಮ್ಮಿನಿಂದ ಮೇಲಿನವರೆಗೂ ತುಂಬಿಸಿ, ಮುಚ್ಚಳ ಹಾಕಿ, ಚೀಲದೊಳಗೆ ಇಟ್ಟೆ. ಹೊಟ್ಟೆ ತುಂಬಿದ ಮಗುವಿನ ಹಾಗೆ ಕೂತೆ.

ಮನೆಯಲ್ಲಿ ಎರಡು ಒಲೆ ಹೂಡಿ ಎರಡು ಮಡಕೆ ಇಟ್ಟರು. ಅಜ್ಜಿ ಒಲೆಯ ಮುಂದೆ ಕೂತು ಸೌಟಿನಲ್ಲಿ ಬೇಳೆ ತೆಗೆದು ಬೆರಳಲ್ಲಿ ಹಿಸುಕಿ ನೋಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆತಗೂರಿನ ಬೇಳೆ ನಿಂತೇ ಇತ್ತು. ಬಂಡೂರಿನದು ಬೆಣ್ಣೆಯ ಹಾಗೆ ಕರಗಿತು. ಮೂರು ತಿಂಗಳಲ್ಲಿ ಜಯತ್ತೆಯ ಮದುವೆ, ಬಂಡೂರು ಕಡೆಗೆ.

ಆ ಊರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಅದು ಗೊತ್ತಾಗಲು ನನಗೆ ಮದುವೆಯ ನಂತರದ ಮೊದಲ ಬೇಸಿಗೆ ರಜೆ ಸಾಕಾಯಿತು. ಅತ್ತೆಯ ಅಡಿಗೆಮನೆಯಲ್ಲಿ ಒಂದು ಬೇರೆಯೇ ಬಿಂದಿಗೆ ಇತ್ತು. ಅದಕ್ಕೆ 'ಬೇಳೆ ನೀರು' ಎಂದು ಹೆಸರು. ಬೆಳಗ್ಗೆ ಎದ್ದು ಊರಾಚೆಯ ತೋಟದ ಬಾವಿಗೆ ಹೋಗಿ ಒಂದು ಬಿಂದಿಗೆ ಅದಕ್ಕೆಂದೇ ತರುತ್ತಿದ್ದಳು. ಆಮೇಲಾಮೇಲೆ ಊರಿಗೆ ಬೇರೆ ನೀರು ಬಂತು ಎನ್ನುತ್ತಾರೆ, ಆದರೆ ನಾನು ಹೋದಾಗಲೆಲ್ಲ ಆ ಬಿಂದಿಗೆ ಅಲ್ಲೇ ಇರುತ್ತಿತ್ತು. ನಾನು ಅದರ ಕಡೆ ನೋಡದೆ ಊಟ ಮಾಡುತ್ತಿದ್ದೆ. ಅತ್ತೆಯ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಪರೀಕ್ಷೆ, ಕೆಲಸ, ಮಗು, ಕಾರಣಗಳಿಗೇನು ಕೊರತೆ?

ಅಂಥ ಅತ್ತೆ ಈಗ ನನ್ನ ಮನೆಯಲ್ಲಿ ಕೂತು ಕೀನ್ಯಾದ ನೀರಿನ ಬಗ್ಗೆ ಅದೇ ಪ್ರಶ್ನೆ ಕೇಳಿದಳು. ನಮ್ಮವರು ಆ ವಾರವೇ ಹತ್ತು ದಿನಕ್ಕೆ ಕಿಸುಮುಗೆ ಹೋಗಿ ಕಾರ್ಖಾನೆ ನೋಡಿಕೊಂಡು ಬರುವವರಿದ್ದರು. ಅತ್ತೆ ತನ್ನ ಚೀಲದಿಂದ ತೊಗರಿಬೇಳೆಯ ಗಂಟು ತೆಗೆದು ಇವರ ಮುಂದಿಟ್ಟಳು.

"ಅಳಿಯಂದ್ರೆ, ಎರಡು ಮನೇಲೂವೆ ಇದ ಬೇಯ್ಸಿ ನೋಡ್ಬೇಕು ನೀವು."

ಇವರು ನಕ್ಕರು. "ಅತ್ತೆ, ಬಾಯ್ಲರಿಗೆ ಬಿಡೋ ನೀರಿನ ಗಡಸುತನ ನೋಡೋದೇ ನನ್ನ ಕೆಲಸ. ಲ್ಯಾಬಲ್ಲಿ ನಾಕು ಹನಿ ಹಾಕಿದ್ರೆ ಬಣ್ಣ ತಿರುಗುತ್ತೆ, ಗೊತ್ತಾಗುತ್ತೆ."

"ಬಣ್ಣ ತಿರುಗಿದ್ರೆ ಸಾರಾಯ್ತದಾ? ಬೇಯ್ಸಿ. ಕುಕ್ಕರ್‌ನಾಗೆ ಬ್ಯಾಡ, ಅದ್ರಾಗೆ ಕಲ್ಲಾಕಿದ್ರೂ ಬೇಯ್ತದೆ. ತೆರೆದ ಪಾತ್ರೇಲಿ."

"ಅಜ್ಜಿ, ಬೇಳೆಗೆ ವೀಸಾ ಬೇಡ್ವಾ?" ಎಂದಳು ಸಿಂಚನ.

"ನೀನು ಸುಮ್ಕಿರು, ಮಾತಿನ ಮಲ್ಲಿ. ದಿನಾ ಬಸ್ನಾಗೆ ಕುಕ್ಕರಿಸ್ಕೊಂಡು ಓಗೋಳು ನೀನೇಯ."

ಇವರು ಗಂಟನ್ನು ಸೂಟ್‌ಕೇಸಿಗೆ ಹಾಕಿಕೊಂಡರು, ಹೋದರು. ಐದನೇ ದಿನ ಎರಡು ಫೋಟೋ ಕಳಿಸಿದರು. ಮೊದಲನೆಯದು ಕ್ವಾರ್ಟರ್ಸಿನ ಬೇಳೆ. ಕರಗಿ ಹಳದಿ ಗಂಜಿಯಾಗಿತ್ತು. ಎರಡನೆಯದು ಊರಿನ ಮನೆಯ ಬೇಳೆ. ಒಂದೊಂದು ಕಾಳೂ ಎಣಿಸುವ ಹಾಗೆ ನಿಂತಿತ್ತು. ಕೆಳಗೆ ಒಂದು ಸಾಲು: "ಅತ್ತೆಗೂ ತೋರಿಸು."

ಓದುಗರೇ, ನೀವು ನನ್ನ ಜಾಗದಲ್ಲಿದ್ದರೆ ಬೇಳೆ ನೋಡಿ ಸಮಾಧಾನ ಪಡುತ್ತಿದ್ದಿರಿ. ನಾನು ಫೋಟೋ ದೊಡ್ಡದು ಮಾಡಿ ಪಾತ್ರೆಯ ಅಂಚು ನೋಡಿದೆ. ಎರಡರಲ್ಲೂ ಅದೇ ಸ್ಟೀಲ್ ಪಾತ್ರೆ, ಅದೇ ಜಾಗದಲ್ಲಿ ಅದೇ ತಗ್ಗು. ಅದೇ ಮರದ ಸೌಟು. ಎರಡರಲ್ಲೂ ಗೋಡೆ ಇಲ್ಲ, ಕಿಟಕಿ ಇಲ್ಲ, ನಲ್ಲಿ ಇಲ್ಲ. ಒಂದೇ ಒಲೆಯ ಮೇಲೆ ಹತ್ತು ನಿಮಿಷಕ್ಕೆ ಒಂದು, ಮುಕ್ಕಾಲು ಗಂಟೆಗೆ ಒಂದು ತೆಗೆದರೂ ಇದೇ ಎರಡು ಫೋಟೋ ಬರುತ್ತವೆ.

ಫೋನು ಮಾಡಿದೆ. "ಪಾತ್ರೆ ಒಂದೇ ಯಾಕಿದೆ?"

"ಪುಟ್ಟರಾಜು ಕೊಟ್ಟಿದ್ದು ಒಂದೇ ಪಾತ್ರೆ ಕಣೆ. ಎರಡು ಎಲ್ಲಿಂದ ತರ್ಲಿ?"

"ನಲ್ಲಿ ಯಾಕೆ ಫೋಟೋದಲ್ಲಿ ಇಲ್ಲ?"

"ಬೇಳೆ ತೋರ್ಸು ಅಂದಿದ್ದು ಅತ್ತೆ. ನಲ್ಲಿ ಅಲ್ವಲ್ಲ."

ಇವರ ಉತ್ತರಗಳಲ್ಲಿ ತಪ್ಪು ಇರುವುದೇ ಇಲ್ಲ, ಅದೇ ನನಗಿರುವ ಕಷ್ಟ. ಕ್ವಾರ್ಟರ್ಸ್ ಬೇಕಿರುವುದು ಇವರಿಗೆ. ಇವರ ಬೇಳೆ ಅಲ್ಲೇ ಕರಗಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನುಷ್ಯನನ್ನು ಒಂದು ಪಾತ್ರೆಯ ತಗ್ಗು ನೋಡಿ ಅನುಮಾನಿಸುವುದು ಒಳ್ಳೆಯ ಹೆಂಗಸಿನ ಲಕ್ಷಣವಲ್ಲ ಎಂದು ಡೈರಿಯಲ್ಲಿ ಬರೆದೆ. ಅದರ ಕೆಳಗೆ, ಈ ಪರೀಕ್ಷೆಯಲ್ಲಿ ಮೋಸ ಮಾಡುವುದು ಎಷ್ಟು ಸುಲಭ ಎಂದು ನನ್ನಷ್ಟು ಗೊತ್ತಿರುವವರು ಯಾರಿದ್ದಾರೆ ಎಂದೂ ಬರೆದೆ.

ಅದೇ ದಿನ ಪುಟ್ಟರಾಜುವಿನ ಹೆಂಡತಿ ಮೊದಲ ಸಲ ಫೋನಿನಲ್ಲಿ ಕಾಣಿಸಿಕೊಂಡಳು. ಅಷ್ಟು ದಿನ ಅವಳನ್ನು ಯಾಕೆ ತೋರಿಸಿರಲಿಲ್ಲ ಎಂಬ ಅನುಮಾನವೂ ನನ್ನ ಪಟ್ಟಿಯಲ್ಲಿತ್ತು. ಚಿಕ್ಕ ಹುಡುಗಿ, ಕಣ್ಣು ದೊಡ್ಡವು.

"ಅಕ್ಕ, ಎದುರು ಮನೆಗೇ ಬನ್ನಿ ಅಕ್ಕ. ಇಲ್ಲಿ ಜನ ಒಳ್ಳೇವ್ರೇ. ಆದ್ರೆ ಜಗಳ ಆಡಕ್ಕೆ ಅವ್ರ ಭಾಸೆ ಬರಲ್ಲ ನಂಗೆ. ಇವ್ರೊಬ್ರತ್ರ ಎಷ್ಟು ಅಂತ ಆಡ್ಲಿ?"

"ಅಲ್ಲಿ ಬೇಳೆ ಬೇಯುತ್ತಾ?" ಎಂದೆ.

ಅವಳು ಗಂಡನ ಮುಖ ನೋಡಿದಳು. "ನಾನು ಕುಕ್ಕರಲ್ಲಿ ಇಡ್ತೀನಿ ಅಕ್ಕ. ನೋಡಿಲ್ಲ."

ಶನಿವಾರ ನಮ್ಮವರು ಹಿಂದಿರುಗಿದರು. ಭಾನುವಾರ ಬೆಳಗ್ಗೆ ನಾನು, ಅಷ್ಟರಲ್ಲಿ ಊರಿಗೆ ಮರಳಿದ್ದ ಜಯತ್ತೆಯನ್ನು ನೋಡಲು, ಮಳವಳ್ಳಿ ಬಸ್ಸು ಹತ್ತಿದೆ. ಫೋಟೋ ತೋರಿಸಲು ಎಂದು ಮನೆಯಲ್ಲಿ ಹೇಳಿದೆ. ಅತ್ತೆ ಕೊಟ್ಟಿಗೆಯಲ್ಲಿ ಕುರಿಗಳ ನಡುವೆ ಕೂತು ಒಂದರ ಉಣ್ಣೆಯಿಂದ ಮುಳ್ಳು ಕೀಳುತ್ತಿದ್ದಳು. ಗಿಡ್ಡ ಕಾಲಿನ, ಪೀಪಾಯಿಯ ಹಾಗೆ ದುಂಡಗಿನ ಬಂಡೂರು ಕುರಿ. ಅದು ನನ್ನನ್ನು ಅಪನಂಬಿಕೆಯಿಂದ ನೋಡಿತು, ಸರಿಯಾಗಿಯೇ ನೋಡಿತು.

ಫೋಟೋ ತೋರಿಸಿದೆ. ಅತ್ತೆ ಕನ್ನಡಕ ಇಲ್ಲದೆ ದೂರ ಹಿಡಿದು ನೋಡಿ, "ಬೆಂದದಲ್ಲ" ಎಂದಷ್ಟೇ ಹೇಳಿ ಮೊಬೈಲು ವಾಪಸ್ಸು ಕೊಟ್ಟಳು.

"ನಂಗೆ ನಂಬಿಕೆ ಇಲ್ಲ ಅತ್ತೆ."

"ಯಾಕೆ? ಅಳಿಯಂದ್ರು ಸುಳ್ಳಾಡಾಕಿಲ್ಲ."

"ಯಾರಾದ್ರೂ ಆಡಬಹುದು." ಮೊಬೈಲನ್ನು ಚೀಲಕ್ಕೆ ಹಾಕಿದೆ. "ಆವತ್ತು ನಿನ್ನ ಮದುವೆಗೆ ಮುಂಚೆ ಈ ಊರಿನ ನೀರು ತಂದಿದ್ವಲ್ಲ, ಅದನ್ನ ನಾನು ಕುಡಿದುಬಿಟ್ಟೆ ಅತ್ತೆ. ಮದ್ದೂರು ಹೋಟ್ಲಲ್ಲಿ. ಅಲ್ಲಿನ ಡ್ರಮ್ಮಿನ ನೀರೇ ತುಂಬಿಸಿ ತಂದೆ. ನೀನು ಈ ಊರಿಗೆ ಬಂದಿದ್ದು ಆ ನೀರಿನಿಂದ."

ಹೇಳಿ ಮುಗಿಸಿ ಕಾದೆ. ಬೈಯುತ್ತಾಳೆ ಎಂದುಕೊಂಡೆ, ಇಲ್ಲವೇ ಅಳುತ್ತಾಳೆ. ಎರಡಕ್ಕೂ ಬಸ್ಸಿನಲ್ಲಿ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಇನ್ನೊಂದು ಮುಳ್ಳು ಕಿತ್ತು ಪಕ್ಕಕ್ಕೆ ಎಸೆದಳು.

"ಗೊತ್ತು ಬುಡು."

"ಗೊತ್ತಾ?"

"ಎಂಟು ವರ್ಸದ ಕೂಸು ವಡೆ ತಿಂದು ನೀರು ಕುಡೀದೆ ಇದ್ದದಾ? ಆ ಸೀಸೆ ಮುಚ್ಚಳ ಎಲ್ಲಾ ಎಣ್ಣೆ ಎಣ್ಣೆ ಕಣೆ. ಮೂಸಿದ್ರೆ ಈರುಳ್ಳಿ ವಾಸ್ನೆ."

"ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ? ಅಜ್ಜಿಗಾದ್ರೂ ಗೊತ್ತಾಗ್ಬೇಕಿತ್ತಲ್ಲ, ಅವಳೇ ತಾನೆ ಬೇಯಿಸಿದ್ದು?"

ಅತ್ತೆ ಈಗ ನನ್ನ ಮುಖ ನೋಡಿ ನಕ್ಕಳು. "ನಿಮ್ಮಜ್ಜಿ ಎಲ್ಲಿ ಕುಂತಿತ್ತೇ ಒಲೆ ಮುಂದೆ? ಒಗೆ ಕಣ್ಗಾಗಾಕಿಲ್ಲ ಅಂತ ಜಗಲಿ ಮ್ಯಾಲೆ ಕುಂತಿತ್ತು. ಅಲ್ಲಿಂದ್ಲೇ ಕೂಗೋದು, ಬೆಂತಾ ಬೆಂತಾ ಅಂತ. ಒಲೆ ಮುಂದೆ ಕುಂತೋಳು ನಾನು. ಯಾವ್ದೇ ಬೆಂತು ಅಂತು. ಬಂಡೂರಿಂದು ಅಂದೆ."

ಅಜ್ಜಿ ಒಲೆಯ ಮುಂದೆ ಕೂತು ಬೆರಳಲ್ಲಿ ಬೇಳೆ ಹಿಸುಕುತ್ತಿದ್ದಳು ಎಂದು ಮೇಲೆ ಬರೆದಿದ್ದೇನೆ. ಹೊಡೆದುಹಾಕಬಹುದಿತ್ತು, ಬಿಟ್ಟಿದ್ದೇನೆ. ನನ್ನ ಇಡೀ ಮೂವತ್ತನಾಲ್ಕು ವರ್ಷದ ತಪ್ಪಿತಸ್ಥ ಭಾವನೆ ನಿಂತದ್ದು ಆ ಬೆರಳುಗಳ ಮೇಲೆ, ಅಲ್ಲಿ ಬೆರಳೇ ಇರಲಿಲ್ಲ.

"ನಿಂಗೆ ಈ ಊರೇ ಬೇಕಿತ್ತಾ?"

"ಆತಗೂರ್ನೋರ ಮನೇಲಿ ಅನ್ನೊಂದು ಜನ ಕಣೆ. ಮೂರು ಜನ ಮೈದುನಂದ್ರು, ಅತ್ತೆ, ಅತ್ತೆಯ ಅತ್ತೆ. ಬೇಳೆ ಬೆಂದ್ರೇನ್ ಬಂತು, ಬೇಯ್ಸೋಳು ಯಾರು?" ಕುರಿಯ ಬೆನ್ನಿಗೆ ಒಂದು ಏಟು ಕೊಟ್ಟು ಎದ್ದಳು. "ಇಲ್ಲಿ ನಿಮ್ ಮಾವ, ಅವ್ರವ್ವ, ಕುರಿ. ಒಂದು ಬಿಂದ್ಗೆ ನೀರು ತಂದ್ರೆ ಮುಗೀತು. ಊಟ ಮಾಡ್ಕೊಂಡೋಗು, ಉರುಳಿ ಸಾರು ಮಾಡಿವ್ನಿ."

ನನಗೆ ಹಗುರಾಗಬೇಕಿತ್ತು. ಊಟ ಮಾಡುತ್ತ ಅತ್ತೆಯ ಮುಖವನ್ನೇ ನೋಡಿದೆ. ಇದು ನಿಜವೇ, ಅಥವಾ ಅಳುಮುಖ ಹಾಕಿಕೊಂಡು ಬಂದ ಸೊಸೆಯನ್ನು ಸಮಾಧಾನ ಮಾಡಲು ಕುರಿಕೊಟ್ಟಿಗೆಯಲ್ಲಿ ಆ ಕ್ಷಣಕ್ಕೆ ಹೊಳೆದ ಕತೆಯೇ? ಮುಚ್ಚಳದ ಎಣ್ಣೆಯ ವಿವರ ನಿಜದ ಹಾಗಿದೆ. ಆದರೆ ಮದ್ದೂರಿಗೆ ಹೋದವರು ವಡೆ ತಿಂದೇ ಇರುತ್ತಾರೆ ಎಂದು ಯಾರು ಬೇಕಾದರೂ ಊಹಿಸಬಹುದಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಫೋಟೋಗಳನ್ನು ತೆಗೆದು ನೋಡಲಿಲ್ಲ. ನೋಡಬೇಕಾದ್ದು ಬೇಳೆಯನ್ನಲ್ಲ ಎಂದು ಅನ್ನಿಸಿತ್ತು. ಕ್ವಾರ್ಟರ್ಸಿನಲ್ಲಿ ಬೇಳೆ ಎಷ್ಟೇ ಚೆನ್ನಾಗಿ ಕರಗಲಿ, ಇವರು ಲ್ಯಾಬಿಗೆ, ಮಗಳು ಬಸ್ಸಿಗೆ ಹೋದ ಮೇಲೆ ಕಬ್ಬಿನ ನಡುವೆ ಅದನ್ನು ಬೇಯಿಸುತ್ತ ಕೂರುವವಳು ನಾನು. ಸಂಜೆ ಮನೆಗೆ ಬಂದು, ಇವರು ಬಟ್ಟೆ ಮಡಿಸುತ್ತಿದ್ದಾಗ ಹೇಳಿದೆ: "ಊರೊಳಗಿನ ಮನೆಗೆ ಗುರುತು ಹಾಕ್ರಿ. ಬೇಳೆ ಬೇಯದೆ ಇದ್ರೆ ಕುಕ್ಕರಲ್ಲಿ ಇಡ್ತೀನಿ."

ಇವರು ತಲೆ ಎತ್ತಲಿಲ್ಲ. "ಸರಿ," ಎಂದರು. ಮೊಬೈಲು ತೆಗೆದು ಅಲ್ಲೇ ಗುರುತು ಹಾಕಿ ಕಳಿಸಿಬಿಟ್ಟರು. ಸಿಂಚನ ಕುಣಿದಳು.

ನಾನು ವಾದಕ್ಕೆ ಏಳು ಅಂಶ ಬರೆದಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ದಿನಾ ಎರಡು ಗಂಟೆ ಬಸ್ಸಿನಲ್ಲಿ ಕೂರಬೇಕಾದ ಮನುಷ್ಯ ಇಷ್ಟು ಸಲೀಸಾಗಿ ಸರಿ ಅನ್ನುತ್ತಾರೆಯೇ? ಅಥವಾ ಇವರಿಗೂ ಮೊದಲಿನಿಂದ ಊರಿನ ಮನೆಯೇ ಬೇಕಿತ್ತೋ? ಕ್ವಾರ್ಟರ್ಸಿನ ಬೇಳೆ ಕರಗಿಸಿ ತೋರಿಸಿದರೆ ಇವಳು ಹಟಕ್ಕೆ ಬಿದ್ದು ಊರಿನ ಮನೆಯನ್ನೇ ಹಿಡಿಯುತ್ತಾಳೆ ಎಂದು ಲೆಕ್ಕ ಹಾಕಿದರೋ? ಇಪ್ಪತ್ತು ವರ್ಷದಲ್ಲಿ ಇವರೂ ನನ್ನನ್ನು ಸ್ವಲ್ಪ ಓದಿಕೊಂಡಿದ್ದಾರೆ. ಕೇಳಿದರೆ ತಪ್ಪಿಲ್ಲದ ಉತ್ತರ ಬರುತ್ತದೆ ಎಂದು ಗೊತ್ತಿರುವುದರಿಂದ ಕೇಳಲಿಲ್ಲ. ಮನೆ ಗೊತ್ತಾಯಿತು. ಅದನ್ನು ಆರಿಸಿದವರು ಯಾರು ಎಂಬುದು ಮಾತ್ರ ಡೈರಿಯಲ್ಲಿ ಖಾಲಿ ಇದೆ.

ಖಾಲಿ ಬಿಟ್ಟು ಅಭ್ಯಾಸವಿಲ್ಲ ನನಗೆ. ಗಂಡನನ್ನು ಕೇಳಲಾರದವಳು ಅತ್ತೆಗೆ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. ಅವಳು ಅಜ್ಜಿಗೆ ಹೇಳಿದ್ದೇನು ಎಂಬುದು ಗೊತ್ತಾಯಿತಲ್ಲ. ನನಗೆ ಬೇಕಿದ್ದದ್ದು ಮಡಕೆಯೊಳಗೆ ಆದದ್ದು. ಮಾರನೆಯ ದಿನ ಅವಳ ಉತ್ತರ ಬಂತು: ಆಗತಾನೆ ಹುಟ್ಟಿದ ಒಂದು ಕುರಿಮರಿಯ ಫೋಟೋ, ಜೊತೆಗೆ "ಆ ದೇಸ್ದಲ್ಲಿ ಕುರಿ ಎಂಗವೆ, ಓದ್ ಮ್ಯಾಲೆ ನೋಡ್ಕೊಂಡ್ ಯೋಳು ಸುಮಿ" ಎಂಬ ಮಾತು. ನಾನು ಕೇಳಿದ್ದು ಬೇರೆ. ಎರಡು ಸಲ ಕಳಿಸಿದ್ದೇನೆ, ಎರಡನ್ನೂ ಅವಳು ಕೇಳಿಸಿಕೊಂಡಿದ್ದಾಳೆ ಎಂದು ಮೊಬೈಲು ತೋರಿಸುತ್ತದೆ:

"ಅತ್ತೆ, ನೀನು ಅಜ್ಜಿಗೆ ಏನ್ ಹೇಳ್ದೆ ಅಂತ ಅಲ್ಲ. ನಿಜವಾಗ್ಲೂ ಆವತ್ತು ಯಾವ ಮಡಕೆ ಬೇಳೆ ಬೆಂದಿತ್ತು?"